ಎದ್ದರೂ ಏಳದವಳು

ಲೊರೆಟಾ ಬಿದ್ದದ್ದು ಗುರುವಾರ ಬೆಳಿಗ್ಗೆ, ದೋಣಿ ಕಟ್ಟುವ ದಡದಲ್ಲಿ, ಊರಿಗೆ ಊರೇ ನೋಡುತ್ತಿದ್ದಾಗ. ಬೀಳುವುದೇ ಆಗಿದ್ದರೆ ಮೀನು ಒಣಗಿಸುವ ಹೊಗೆಮನೆಯ ಹಿಂದೆ ಬೀಳಬಹುದಿತ್ತು, ತನ್ನ ಅಡುಗೆಮನೆಯಲ್ಲಿ ಬೀಳಬಹುದಿತ್ತು. ಆದರೆ ಕೆಂಪು ಸಾಮನ್ ಮೀನು ಹೊಳೆ ಹತ್ತಿ ಬರುವ ವಾರ ಅದು. ಆ ವಾರ ಸ್ಕೀನಾ ನದಿಯ ದಡದಲ್ಲಿ ಇಲ್ಲದವರೆಂದರೆ ಹಾಸಿಗೆ ಹಿಡಿದವರು ಮಾತ್ರ. ಅವರೂ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡಿರುತ್ತಾರೆ.

ಶನಿವಾರದ ಔತಣಕ್ಕೆಂದು ಹಿಡಿದ ಮೀನಿನ ಟಬ್ಬನ್ನು ಸೊಂಟಕ್ಕೆ ಒತ್ತಿಕೊಂಡು ಅವಳು ದಡ ಹತ್ತುತ್ತಿದ್ದಳು. ಬೂದು ಕೆಸರು ಎಡಗಾಲಿನ ಬೂಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬೂಟು ಅಲ್ಲೇ ಉಳಿಯಿತು, ಲೊರೆಟಾ ಮುಂದೆ ಹೋದಳು. ಐವತ್ತನಾಲ್ಕು ವರ್ಷದ, ಉಂಡು ತಿಂದು ಬೆಳೆದ ಹೆಂಗಸು ಮುಗ್ಗರಿಸಿದರೆ ಎಷ್ಟು ಸದ್ದಾಗಬೇಕೋ ಅಷ್ಟು ಸದ್ದಾಯಿತು. ಮೀನುಗಳು ದಿಕ್ಕಿಗೊಂದರಂತೆ ಜಾರಿದವು. ದಡವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮೊದಲು ಓಡಿ ಬಂದವನು ಪರ್ಸಿ, ಅವಳ ಸೋದರತ್ತೆಯ ಮಗ. ಅವನ ಅಪ್ಪ ಅವಳಿಗೆ ಸೋದರಮಾವನಾಗಬೇಕು, ಹಾಗಾಗಿ ಎರಡೂ ಕಡೆಯಿಂದ ನೆಂಟ. ಅವನು ಬಗ್ಗಿ ಕೈ ಚಾಚಿದ. ಲೊರೆಟಾ ಕಣ್ಣಿಗೆ ಮೆತ್ತಿದ ಕೆಸರು ಒರೆಸಿಕೊಂಡು ಕೈ ಯಾರದೆಂದು ನೋಡಿದಳು. ನೋಡಿ, ಅದನ್ನು ಪಕ್ಕಕ್ಕೆ ತಳ್ಳಿದಳು.

"ನಂಗೂ ಕಾಲಿದೆ," ಎಂದು ತಾನೇ ಎದ್ದು ನಿಂತಳು.

ದಡದ ನಗು ತಟ್ಟನೆ ನಿಂತುಹೋಯಿತು. ತಾನು ಏನು ಮಾಡಿದೆನೆಂದು ಅವಳಿಗೂ ಹೊಳೆಯಿತು, ಆದರೆ ಅಷ್ಟರಲ್ಲಿ ಎದ್ದಾಗಿತ್ತು.

ಈ ಊರಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ತಂದೆಯ ಕುಲದವರ ಕೆಲಸವೇ ಬೇರೆ. ಹುಟ್ಟಿದರೆ ತೊಟ್ಟಿಲು ತರಬೇಕು, ಬಿದ್ದರೆ ಎತ್ತಬೇಕು, ಸತ್ತರೆ ಹೊರಬೇಕು. ನಾಲ್ಕು ಜನರೆದುರು ಬಿದ್ದವರನ್ನು ಅವರು ಎತ್ತಿ, ಮೈ ತೊಳೆಸಿ ಕಳಿಸುತ್ತಾರೆ. ಬಿದ್ದವರು ಔತಣದಲ್ಲಿ ಅವರಿಗೆ ಉಡುಗೊರೆ ಕೊಡುತ್ತಾರೆ. ಅಲ್ಲಿಗೆ ಅವಮಾನವೂ ತೊಳೆದುಹೋಯಿತು. ಆಮೇಲೆ ಆ ಸುದ್ದಿಯನ್ನು ಯಾರೂ ಬಾಯಿಗೆ ತರುವಂತಿಲ್ಲ. ಲೊರೆಟಾ ಕಪ್ಪೆ ಕುಲದವಳು, ಅವಳ ಅಪ್ಪ ತೋಳ ಕುಲ, ಪರ್ಸಿಯೂ ತೋಳ. ಬಿದ್ದದ್ದು ಸರಿಯಾಗಿತ್ತು, ಬಂದ ಕೈಯೂ ಸರಿಯಾಗಿತ್ತು. ಕೆಡಿಸಿದ್ದು ಅವಳ ಮೂಗಿನ ತುದಿಯ ಸಿಟ್ಟು.

ಮಧ್ಯಾಹ್ನದೊಳಗೆ ಸೋದರತ್ತೆಯಿಂದ ಕರೆ ಬಂತು. ಪರ್ಸಿಯ ತಾಯಿ ಅಡಲೀನ್ ಅತ್ತೆಗೆ ಎಂಬತ್ತಾರು. ಗಾಲಿಕುರ್ಚಿಯಲ್ಲಿ ಕೂತೇ ಇಡೀ ತೋಳ ಕುಲವನ್ನು ಆಳುತ್ತಿದ್ದ ಮುದುಕಿ.

"ಕೂತ್ಕೋ. ಟೀ ಕುಡಿ," ಎಂದಳು ಅತ್ತೆ. "ಕೆಸರಲ್ಲಿ ಬಿದ್ಕೊಂಡಿರೋಳಿಗೆ ಚಳಿ ಆಗಿರುತ್ತೆ."

"ಎದ್ದು ಬಂದಿದ್ದೀನಲ್ಲ ಅತ್ತೆ."

"ಯಾರು ಎತ್ತಿದ್ರು?"

ಲೊರೆಟಾ ಲೋಟದೊಳಗೆ ನೋಡಿದಳು.

"ಯಾರೂ ಎತ್ತಲಿಲ್ಲ ಅಂದ್ಮೇಲೆ ಎದ್ದಿದ್ದು ಹೇಗೆ? ನೀನಿನ್ನೂ ಅಲ್ಲೇ ಬಿದ್ದಿದ್ದೀಯ ಕಣೇ. ಇಲ್ಲಿ ಕೂತು ಟೀ ಕುಡೀತಿರೋದು ಬರೀ ನಿನ್ನ ಸ್ವೆಟರು."

ನಗು ಬರುವ ಮಾತೇ, ಆದರೆ ಲೊರೆಟಾಳಿಗೆ ಅಳು ಬಂತು. ಶನಿವಾರದ ಔತಣ ಅವಳದೇ. ತೀರಿಹೋದ ತಾಯಿಯ ಹೆಸರನ್ನು ಅವಳು ತೊಡುವ ದಿನ. ಮನೆತನದ ಆ ಹೆಸರು ಎರಡು ವರ್ಷದಿಂದ ತೊಡುವವರಿಲ್ಲದೆ ಕಾದಿತ್ತು. ಅದು ಎಲ್ಲೆಂದರಲ್ಲಿ ಹೇಳುವಂಥ ಹೆಸರಲ್ಲ, ಸಭೆಯಲ್ಲಿ ಕೂಗಿ ಕರೆಯುವಂಥದ್ದು. ಬಿದ್ದು ಏಳದವಳನ್ನು ಆ ಹೆಸರಿನಿಂದ ಕರೆಯಲು ಯಾವ ಮುಖಂಡನೂ ಬಾಯಿ ತೆರೆಯುವುದಿಲ್ಲ. ಕರಾವಳಿಯಿಂದ ನೆಂಟರು ಹೊರಟಾಗಿತ್ತು. ಬೆನ್ನ ಮೇಲೆ ಕಪ್ಪೆಯ ಚಿತ್ರವಿರುವ, ಹೆಸರು ತೊಡುವಾಗ ಹೊದೆಯುವ ಗುಂಡಿ ಹೊಲಿದ ಕಂಬಳಿಗೆ ಕೊನೆಯ ಗುಂಡಿಯನ್ನೂ ಹೊಲಿದಾಗಿತ್ತು.

"ಬೇರೆ ತೋಳಗಳಿಲ್ವಾ? ನೀವೇ ಎತ್ತಿ ಅತ್ತೆ."

"ನಂಗೆ ಟೀ ಲೋಟ ಎತ್ತೋದೇ ಭಾರ, ನಿನ್ನನ್ನ ಎತ್ತಲಾ? ಯಾವ ಕೈ ತಳ್ಳಿದ್ಯೋ ಅದೇ ಕೈ ಎತ್ತಬೇಕು. ನಾಳೆ ಮಧ್ಯಾಹ್ನ ಹೋಗಿ ಅದೇ ಜಾಗದಲ್ಲಿ ಬೀಳು. ಅವನಿಗೆ ನಾನು ಹೇಳ್ತೀನಿ."

"ಅವನ ಕೈ ನಾನು ಹಿಡಿಯಲ್ಲ."

"ಹಾಗಾದ್ರೆ ಅಲ್ಲೇ ಬಿದ್ದಿರು. ಹೊಳೆ ತುಂಬಿದಾಗ ತೇಲಿಕೊಂಡು ಬರ್ತೀಯ."

ಪರ್ಸಿಯ ಮೇಲಿನ ಸಿಟ್ಟು ಆರು ವರ್ಷದ್ದು. ಲೊರೆಟಾಳ ಅಪ್ಪ ತೀರಿಹೋದಾಗ ಅವನ ಮರದ ದೋಣಿ ಸೋದರಳಿಯ ಪರ್ಸಿಗೆ ಹೋಯಿತು. ಕಟ್ಟಳೆ ಅದೇ, ಲೊರೆಟಾಳಿಗೂ ಗೊತ್ತು. ಆದರೆ ಆರು ವರ್ಷದ ಹುಡುಗಿಯಾಗಿದ್ದಾಗಿನಿಂದ ಆ ದೋಣಿಯ ಮುಂದಿನ ಹಲಗೆಯ ಮೇಲೆ ಕೂತು ಅಪ್ಪನ ಜೊತೆ ಬಲೆ ಎಳೆದವಳು ಅವಳು. ಒಂದು ಮಾತು ಮೊದಲೇ ಕೇಳಿದ್ದರೆ ದೋಣಿಯನ್ನು ಅವಳೇ ತೊಳೆದು ಕೊಡುತ್ತಿದ್ದಳೇನೋ. ಪರ್ಸಿ ಮಾತ್ರ ತಿಂಗಳು ತುಂಬುವುದರೊಳಗೆ ಅದಕ್ಕೆ ಹಸಿರು ಬಣ್ಣ ಬಳಿದುಬಿಟ್ಟ. ಅಪ್ಪನ ದೋಣಿಗೆ ಹಸಿರು! ಅಂದಿನಿಂದ ಮಾತಿಲ್ಲ. ಆ ದೋಣಿ ಎದುರು ಬಂದರೆ ಲೊರೆಟಾ ಬೆಟ್ಟ ನೋಡುತ್ತಿದ್ದಳು.

ಮಾರನೆಯ ದಿನ ದಡಕ್ಕೆ ಬಂದವರು ಮಡಿಸುವ ಕುರ್ಚಿ ತಂದಿದ್ದರು, ಫ್ಲಾಸ್ಕ್ ತಂದಿದ್ದರು. ಕಪ್ಪೆ ಕುಲದವರೊಬ್ಬರೂ ಇರಲಿಲ್ಲ, ಎಲ್ಲರೂ ಸಭಾಭವನದಲ್ಲಿ ಔತಣದ ಸೂಪಿಗೆ ಆಲೂಗಡ್ಡೆ ಹೆಚ್ಚುತ್ತಿದ್ದರು. ಲೊರೆಟಾ ಸ್ಕರ್ಟು ಸರಿಪಡಿಸಿಕೊಂಡು ಕೆಸರಿನ ಅಂಚಿನಲ್ಲಿ ಮೆಲ್ಲಗೆ ಕುಳಿತಳು.

"ಇದು ಬೀಳೋದಾ, ಚರ್ಚಲ್ಲಿ ಕೂರೋದಾ?" ಎಂದಳು ಅಡಲೀನ್ ಅತ್ತೆ. "ವಿಲ್ಮರ್, ನೀನು ನೋಡ್ದೆ ತಾನೆ? ನಿನ್ನೆ ಹೇಗೆ ಬಿದ್ದಿದ್ಲು?"

ವಿಲ್ಮರ್ ಬೇರೆ ಕುಲದವನು, ಹಾಗಾಗಿ ಸಾಕ್ಷಿ. ಇಂಥ ದಿನಕ್ಕಾಗಿಯೇ ಹುಟ್ಟಿದವನಂತೆ ಎದ್ದು ನಿಂತ. "ಮುಖ ಕೆಳಗೆ. ಬಲಗೈ ಹೊಳೆ ಕಡೆ. ಒಂದು ಕಾಲಿಗೆ ಬೂಟಿಲ್ಲ. ಕಂಕುಳಲ್ಲಿ ಒಂದು ಮೀನು."

"ಮೀನೂ ಬೇಕಾ?" ಎಂದಳು ಲೊರೆಟಾ.

"ಸಾಕ್ಷಿ ಅಂದ್ಮೇಲೆ ಸಾಕ್ಷಿ ಕಣಮ್ಮಾ. ಇದ್ದದ್ದು ಇದ್ದ ಹಾಗೆ ಹೇಳ್ಬೇಕು."

ಮೀನು ಬಂತು, ಬೂಟು ಹೋಯಿತು. ಲೊರೆಟಾ ಕಣ್ಣು ಮುಚ್ಚಿಕೊಂಡು ತಣ್ಣನೆಯ ಕೆಸರಿನಲ್ಲಿ ಬೋರಲು ಮಲಗಿದಳು. ಅಮ್ಮನ ಹೆಸರಿಗಾಗಿ ಇದಕ್ಕಿಂತ ಹೆಚ್ಚಿನದನ್ನೂ ಮಾಡುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡಳು.

ಪರ್ಸಿ ಬಂದ. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅದೇನು ಶೋಕಿಯೋ, ಹೊಳೆಯುವ ಚರ್ಮದ ಬೂಟು ಹಾಕಿಕೊಂಡು ಬಂದ. ಗಂಭೀರವಾಗಿ ಎರಡು ಹೆಜ್ಜೆ ಇಟ್ಟ. ಮೂರನೆಯದು ಅವನ ಮಾತು ಕೇಳಲಿಲ್ಲ. ಎರಡೂ ಕಾಲು ಮೇಲೆ ಹೋದವು, ಅಂಗಿ ಕೆಳಗೆ ಬಂತು, ಲೊರೆಟಾಳ ಮೂಗಿನಿಂದ ಒಂದು ಗೇಣು ದೂರದಲ್ಲಿ ಪರ್ಸಿಯ ಮೂಗು ಬಂದು ನಿಂತಿತು.

ಈ ಸಲ ದಡದಲ್ಲಿ ಎದ್ದ ನಗುವಿಗೆ ಆಚೆ ದಡದ ಕಾಗೆಗಳೂ ಹಾರಿಹೋದವು. ಪರ್ಸಿ ಮೊಣಕೈ ಊರಿ ಏಳಹೊರಟ.

"ಏಳಬೇಡ!" ಎಂದು ಅವನ ತಾಯಿ ಕುರ್ಚಿಯಿಂದಲೇ ಗುಡುಗಿದಳು. "ಮೂರ್ಖತನ ನಿನ್ನೆ ಒಬ್ಬಳು ಮಾಡಿದ್ದು ಸಾಕು. ನಿನ್ನಪ್ಪನ ಕುಲ ಯಾವ್ದೋ?"

"ಕಪ್ಪೆ," ಎಂದ ಪರ್ಸಿ ಕೆಸರಿನೊಳಗಿಂದ.

"ಇಲ್ಲಿ ಕಪ್ಪೆ ಯಾರಿದ್ದಾರೆ?"

ಎಲ್ಲರೂ ಲೊರೆಟಾಳ ಕಡೆ ನೋಡಿದರು. ಪರ್ಸಿ ಎತ್ತುವವರೆಗೆ ಅವಳು ಏಳುವಂತಿಲ್ಲ. ಅವಳು ಎತ್ತುವವರೆಗೆ ಪರ್ಸಿ ಏಳುವಂತಿಲ್ಲ. ವಿಲ್ಮರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಹಿರಿಯರು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಹಿಂದೆ ಯಾವಾಗಲಾದರೂ ಹೀಗಾಗಿತ್ತೇ ಎಂದು ಚರ್ಚೆಗಿಳಿದರು. ಅದು ಬೇಗ ಮುಗಿಯುವ ಚರ್ಚೆಯಾಗಿರಲಿಲ್ಲ.

"ಚಳಿ ಆಗ್ತಿದೆಯಾ?" ಎಂದು ಪಿಸುಗುಟ್ಟಿದ ಪರ್ಸಿ. ಆರು ವರ್ಷದಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತು.

"ಮೀನು ಚುಚ್ತಿದೆ," ಎಂದಳು ಲೊರೆಟಾ. ಆಮೇಲೆ ತಡೆಯಲಾರದೆ, "ಹಸಿರು ಯಾಕೆ ಬಳಿದೆ?" ಎಂದಳು.

"ಹಲಗೆ ಕೊಳೀತಿತ್ತು ಮಾರಾಯ್ತಿ. ಅಂಗಡೀಲಿ ಇದ್ದಿದ್ದು ಅದೊಂದೇ ಬಣ್ಣ. ಬಿಟ್ಟಿದ್ರೆ ಆ ಚಳಿಗಾಲ ದೋಣಿ ಉಳೀತಿರಲಿಲ್ಲ."

"ನಂಗೆ ಒಂದು ಮಾತು ಹೇಳ್ಬೋದಿತ್ತು."

"ನೀನು ಬೆಟ್ಟ ನೋಡ್ಕೊಂಡು ಹೋಗ್ತಿದ್ದೆ. ಬೆಟ್ಟಕ್ಕೆ ಹೇಳ್ಲಾ?" ಅವನ ದನಿ ತಗ್ಗಿತು. "ಮುಂದಿನ ಹಲಗೆಗೆ ಬಣ್ಣ ಬಳಿದಿಲ್ಲ. ಅದರ ಮೇಲೆ ನೀನು ಚಾಕುವಲ್ಲಿ ಕೆತ್ತಿದ ಅಕ್ಷರ ಇದೆ, ಸೊಟ್ಟಗೆ. ಮಾವ ದಿನಾ ಅದನ್ನ ಬೆರಳಲ್ಲಿ ಸವರ್ತಿದ್ರು. ಅದರ ಮೇಲೆ ಹೇಗೆ ಬಳೀಲಿ? ಎಣ್ಣೆ ಹಚ್ಚಿ ಇಟ್ಟಿದ್ದೀನಿ. ಆರು ವರ್ಷದಿಂದ ಯಾರನ್ನೂ ಅಲ್ಲಿ ಕೂರ್ಸಿಲ್ಲ."

ಆ ದೋಣಿಯ ಹೊರಮೈ ನೋಡಿಯೇ ಲೊರೆಟಾ ಆರು ವರ್ಷ ಮುಖ ತಿರುಗಿಸಿದ್ದಳು, ಒಂದು ದಿನವಾದರೂ ಬಗ್ಗಿ ಒಳಗೆ ನೋಡಿರಲಿಲ್ಲ. ಕೆಸರು ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಜೊತೆಗೇ, ಎಲ್ಲಿಂದಲೋ, ನಗುವೂ ಉಕ್ಕಿತು. ಅವಳು ನಕ್ಕದ್ದಕ್ಕೆ ಪರ್ಸಿ ನಕ್ಕ, ಅವನು ನಕ್ಕದ್ದಕ್ಕೆ ಅವಳ ಕಂಕುಳಿನ ಮೀನು ಜಾರಿತು. ಇನ್ನು ಸಾಧ್ಯವೇ ಇಲ್ಲ ಎನ್ನುವಷ್ಟು ನಕ್ಕರು.

"ಕೈ ಕೊಡು ಬಾವ," ಎಂದಳು ಲೊರೆಟಾ.

"ನೀನು ಕೊಡು."

ಇಬ್ಬರೂ ಕೊಟ್ಟರು. ಒಬ್ಬರನ್ನೊಬ್ಬರು ಹಿಡಿದು, ಜಗ್ಗಿ, ಎರಡು ಸಲ ಕುಸಿದು, ಮೂರನೆಯ ಸಲ ಮೊಣಕಾಲಿಗೆ ಬಂದು, ಒಬ್ಬರ ಹೆಗಲಿಗೆ ಒಬ್ಬರು ಒರಗಿ ಎದ್ದು ನಿಂತರು. ಯಾರು ಯಾರನ್ನು ಮೊದಲು ಎತ್ತಿದರೆಂದು ವಿಲ್ಮರ್‌ನನ್ನು ಕೇಳಿದರೆ, ನಗುವಿನಲ್ಲಿ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ ಎಂದುಬಿಟ್ಟ. ಅಡಲೀನ್ ಅತ್ತೆ ಎರಡು ಬಕೆಟ್ ಬಿಸಿನೀರು ತರಿಸಿದಳು.

ಶನಿವಾರ ಸಭಾಭವನ ತುಂಬಿತು. ಬಡಿಸುವ ಮೊದಲು ಲೊರೆಟಾ ತನ್ನನ್ನು ಎತ್ತಿದವನಿಗೆ ಉಡುಗೊರೆ ಕೊಟ್ಟಳು. ಪರ್ಸಿಯೂ ತನ್ನನ್ನು ಎತ್ತಿದವಳಿಗೆ ಕೊಟ್ಟ. ಎರಡು ಪೊಟ್ಟಣಗಳಿಂದಲೂ ಒಂದೇ ಅಂಗಡಿಯ, ಒಂದೇ ಹಸಿರಿನ ರಬ್ಬರ್ ಬೂಟು ಹೊರಬಂದಾಗ ಮುಖಂಡರು ಕೂಡ ಮೇಜು ತಟ್ಟಿ ನಕ್ಕರು. ಅದೇ ಕೊನೆಯ ನಗು. ಆಮೇಲೆ ಶಾಂತಿಯ ಗುರುತಾಗಿ ಹದ್ದಿನ ಬಿಳಿ ತುಪ್ಪುಳವನ್ನು ಗಾಳಿಗೆ ತೂರಿದರು, ಕಂಬಳಿ ಹೊದಿಸಿದರು, ತಾಯಿಯ ಹೆಸರಿನಿಂದ ಅವಳನ್ನು ಕೂಗಿ ಕರೆದರು. ಹೆಸರು ಹೊಸ ಬಟ್ಟೆಯ ಹಾಗೆ ಬಿಗಿಯಾಗಬಹುದೆಂದು ಅವಳು ಹೆದರಿದ್ದಳು, ಹಾಗೇನೂ ಆಗಲಿಲ್ಲ. ಅವಳು ತಲೆಯೆತ್ತಿ ನಿಂತಳು.

ಭಾನುವಾರ ಬೆಳಿಗ್ಗೆ ಹಸಿರು ದೋಣಿ ದಡದಲ್ಲಿ ಕಾಯುತ್ತಿತ್ತು. ಹೊಸ ಬೂಟು ತೊಟ್ಟು ಲೊರೆಟಾ ಕೆಸರಿನ ಅಂಚಿಗೆ ಬಂದಳು. ದಡದ ಕಲ್ಲಿನ ಮೇಲೆ ಕೂತಿದ್ದ ವಿಲ್ಮರ್ ಏನೋ ಹೇಳಲು ಬಾಯಿ ತೆರೆದ, ಕಟ್ಟಳೆ ನೆನಪಾಗಿ ಮುಚ್ಚಿಕೊಂಡ. ಅವನ ಸಂಕಟ ನೋಡಲಾಗುತ್ತಿರಲಿಲ್ಲ.

ದೋಣಿಯ ಮುಂದಿನ ಹಲಗೆ ಜೇನಿನ ಬಣ್ಣಕ್ಕಿತ್ತು. ನಡುವೆ ಸೊಟ್ಟ ಅಕ್ಷರವೊಂದು, ಅಂಚುಗಳು ಸವೆದು ನುಣುಪಾಗಿದ್ದವು.

"ನೋಡ್ಕೊಂಡು ಹತ್ತು," ಎಂದ ಪರ್ಸಿ. "ಇಲ್ಲಿ ಜಾರುತ್ತೆ."

"ಹೌದಾ ಬಾವ? ಇಲ್ಲಿ ಯಾರಾದ್ರೂ ಯಾವತ್ತಾದ್ರೂ ಬಿದ್ದಿದ್ದಾರಾ?"

"ನಂಗೆ ಗೊತ್ತಿರೋ ಹಾಗೆ ಯಾರೂ ಬಿದ್ದಿಲ್ಲ," ಎಂದು ಪರ್ಸಿ ಕೈ ಚಾಚಿದ. ಲೊರೆಟಾ ಆ ಕೈ ಹಿಡಿದು ಹತ್ತಿ, ತನ್ನ ಹಲಗೆಯ ಮೇಲೆ ಕುಳಿತಳು.