ಹೇಳೋ ಗುಂಡಾ

ಅಕ್ಕ ತಂಗಿ ಇಬ್ಬರೇ ಇದ್ದ ಆ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ಬೆಳಗಾದರೆ ಸಾಕು, ಅಡುಗೆಮನೆಯಿಂದ ಅಕ್ಕನ ದನಿ ಏಳುತ್ತಿತ್ತು.

"ಗುಂಡಾ, ನಿನ್ನ ಚಿಕ್ಕಮ್ಮನಿಗೆ ಹೇಳೋ, ಗ್ಯಾಸ್ ಮುಗೀತಾ ಬಂತು ಅಂತ."

ತಲೆ ಬಾಚಿಕೊಳ್ಳುತ್ತಲೇ ತಂಗಿ ಉತ್ತರಿಸುವಳು. "ಗುಂಡಾ, ದೊಡ್ಡಮ್ಮನಿಗೆ ಹೇಳು, ಒಲೆ ಹಚ್ಚಿಟ್ಟು ಪಕ್ಕದ ಮನೆಯವಳ ಹತ್ರ ಹರಟೆ ಹೊಡೆದ್ರೆ ಇನ್ನೇನಾಗುತ್ತೆ?"

ಇಬ್ಬರ ನಡುವೆ ಕಿಟಕಿಯಲ್ಲಿ ಕೂತ ಗುಂಡ ತನ್ನ ಬಾಲ ನೆಕ್ಕಿಕೊಳ್ಳುತ್ತಿದ್ದ.

ಅಮ್ಮ ತೀರಿಕೊಂಡ ದಿನ, ತುಂಬಿದ ಮನೆಯಲ್ಲಿ, "ಆಸ್ಪತ್ರೆಗೆ ಸೇರಿಸದೆ ಅಮ್ಮನ್ನ ಕೊಂದವಳು ನೀನೇ" ಎಂದು ತಂಗಿ ಅಕ್ಕನಿಗೆ ಅಂದುಬಿಟ್ಟಿದ್ದಳು. ಅವರಿಬ್ಬರೂ ನೇರವಾಗಿ ಆಡಿದ ಕೊನೆಯ ಮಾತು ಅದು. ಆಮೇಲೆ ಆ ಮನೆಯಲ್ಲಿ ಪಾತ್ರೆಗಳಷ್ಟೇ ಸದ್ದು ಮಾಡುತ್ತಿದ್ದವು. ಮಾತು ಮರಳಿ ಬಂದದ್ದು ಗುಂಡ ಬಂದ ಮೇಲೆಯೇ.

ಅವನನ್ನು ಚರಂಡಿಯಿಂದ ಎತ್ತಿ ಬದುಕಿಸಿದವಳು ಪ್ರಾಣಿಗಳ ಆಸ್ಪತ್ರೆಯ ನರ್ಸ್. ವಯಸ್ಸಾದ ಬೆಕ್ಕು, ಸಾಲದ್ದಕ್ಕೆ ಸಕ್ಕರೆ ಕಾಯಿಲೆ. ಯಾರೂ ಒಯ್ಯಲು ಮುಂದೆ ಬಂದಿರಲಿಲ್ಲ. ಅವನನ್ನು ಅಕ್ಕ ತಂಗಿಯರಿಗೆ ಒಪ್ಪಿಸುವಾಗ ನರ್ಸ್ ಒತ್ತಿ ಒತ್ತಿ ಹೇಳಿದ್ದಳು: "ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್. ಊಟ ಆದ ಮೇಲೆ. ಕೊಟ್ಟೆವೋ ಇಲ್ಲವೋ ಅಂತ ಅನುಮಾನ ಬಂದ್ರೆ ಬಿಟ್ಟುಬಿಡಿ. ಒಂದು ಹೊತ್ತು ತಪ್ಪಿದ್ರೆ ನಾನು ನೋಡ್ಕೋತೀನಿ, ಒಂದೇ ಹೊತ್ತಿಗೆ ಎರಡು ಸಲ ಕೊಟ್ರೆ ಅವನು ಉಳಿಯಲ್ಲ."

ಅವರು ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅಕ್ಕ ಕಿಟಕಿಗಳಿಗೆಲ್ಲ ಬಲೆ ಹೊಲಿದು ಕಟ್ಟಿದಳು. ಬೇಕರಿಯಲ್ಲಿ ಕೆಲಸಕ್ಕಿದ್ದ ತಂಗಿ ಸಂಜೆಯ ಇಂಜೆಕ್ಷನ್ ತನ್ನದೆಂದು ಮಾಲೀಕನ ಹತ್ತಿರ ಜಗಳವಾಡಿ ಪಾಳಿ ಬದಲಾಯಿಸಿಕೊಂಡಳು.

ಒಂದು ಸಂಜೆ ಬೇಕರಿಯಲ್ಲಿ ಒಲೆ ಕೆಟ್ಟು ತಂಗಿಗೆ ತಡವಾಯಿತು. ಅಕ್ಕ ಕಾದಳು, ಬಾಗಿಲಿಗೆ ಹೋಗಿ ಬಂದಳು, ಕೊನೆಗೆ ಗುಂಡನಿಗೆ ಉಣ್ಣಿಸಿ ತಾನೇ ಇಂಜೆಕ್ಷನ್ ಕೊಟ್ಟಳು. ಅವನು ಒಳಕೋಣೆಗೆ ಹೋಗಿ ಮಂಚದಡಿ ಮಲಗಿದ. ಅಷ್ಟರಲ್ಲಿ ತಂಗಿ ಬಂದು ಅಡುಗೆಮನೆಯಲ್ಲಿ ನೀರು ಕುಡಿಯತೊಡಗಿದಳು.

ಹೇಳಬೇಕಾದ ಮಾತು ಅಕ್ಕನ ನಾಲಿಗೆ ತುದಿಗೆ ಬಂದು ನಿಂತಿತ್ತು. ಆದರೆ ಅಲ್ಲಿ ಬೆಕ್ಕಿರಲಿಲ್ಲ.

"ಗುಂಡಾ, ಬಾರೋ ಇಲ್ಲಿ," ಎಂದಳು. ಬರಲಿಲ್ಲ. "ಬಾರೋ ಸೋಮಾರಿ!" ಆಗಲೂ ಬರಲಿಲ್ಲ. ಗಿರಾಕಿಯೊಬ್ಬಳು ಬಾಗಿಲು ಬಡಿದಳು. ಅವನು ಎದ್ದು ಬಂದಾಗ ಹೇಳಿದರಾಯಿತು ಎಂದುಕೊಂಡು ಅಕ್ಕ ಅಳತೆಯ ಟೇಪು ಹಿಡಿದು ಹೊರಗೆ ಹೋದಳು.

ಅವಳು ತಿರುಗಿ ಬರುವಷ್ಟರಲ್ಲಿ ತಂಗಿ ಗುಂಡನನ್ನು ಮಂಚದಡಿಯಿಂದ ಎಳೆದು, ಎರಡು ತುತ್ತು ತಿನ್ನಿಸಿ, ಸಿರಿಂಜನ್ನು ಕಸಕ್ಕೆ ಹಾಕಿಯೂ ಆಗಿತ್ತು. ಸ್ವಲ್ಪ ಹೊತ್ತಿಗೆ ಗುಂಡ ನಡೆಯಲು ಹೋಗಿ ಪಕ್ಕಕ್ಕೆ ಉರುಳಿದ. ಕಾಲುಗಳು ಸೆಟೆದುಕೊಂಡವು.

"ಗುಂಡಾ! ಏನಾಯ್ತೋ?" ತಂಗಿ ಕಿರುಚಿದಳು.

ಅಕ್ಕನ ಕಣ್ಣು ಕಸದ ಬುಟ್ಟಿಗೆ ಹೋಯಿತು. ಅಲ್ಲಿ ಎರಡು ಸಿರಿಂಜ್ ಇದ್ದವು. ಅವಳು ನೆಲಕ್ಕೆ ಕುಸಿದು, ಪ್ರಜ್ಞೆಯಿಲ್ಲದ ಬೆಕ್ಕಿನ ಕಿವಿಗೆ ಬಾಯಿ ಹಚ್ಚಿ ಅತ್ತಳು: "ನಾನು ಆಗ್ಲೇ ಕೊಟ್ಟಿದ್ದೆ ಕಣೋ, ಆಗ್ಲೇ ಕೊಟ್ಟಿದ್ದೆ!"

ಸಕ್ಕರೆ ನೀರನ್ನು ಅವನ ಒಸಡಿಗೆ ಸವರುತ್ತ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಓಡಿದರು. ಅಲ್ಲಿ ಗ್ಲೂಕೋಸ್ ಏರಿಸಿದರು. ಗುಂಡ ಉಳಿದ.

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ನರ್ಸ್ ಇಬ್ಬರ ನಡುವೆ ಕೂತಳು. ನಡೆದದ್ದನ್ನೆಲ್ಲ ಒಬ್ಬೊಬ್ಬರಿಂದ ಬೇರೆ ಬೇರೆಯಾಗಿ ಕೇಳಿ ತಿಳಿದಿದ್ದಳು.

"ನಿಮ್ಮಷ್ಟು ಚೆನ್ನಾಗಿ ನೋಡಿಕೊಳ್ಳೋರು ನನಗೆ ಸಿಕ್ಕಿಲ್ಲ," ಎಂದಳು. "ಆದ್ರೆ ಹೀಗೇ ಇದ್ರೆ ಅವನನ್ನ ವಾಪಸ್ ಕಳಿಸೋಕಾಗಲ್ಲ. ನಾನು ಕೇಳೋದು ಇಷ್ಟೇ. ದಿನಾ ಒಬ್ಬರ ಮುಖ ಒಬ್ಬರು ನೋಡಿ 'ನಾನು ಕೊಟ್ಟೆ' ಅನ್ನಬೇಕು. ಈಗ ಒಂದ್ಸಲ ಅಂದು ತೋರಿಸಿ, ಕರ್ಕೊಂಡು ಹೋಗಿ."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ನರ್ಸಿನ ಕಡೆ ತಿರುಗಿ, "ಅವಳಿಗೆ ಹೇಳಿ ಮೇಡಂ, ನಾನು..." ಎಂದಳು.

"ನಾನು ಬೆಕ್ಕಲ್ಲಮ್ಮ," ಎಂದಳು ನರ್ಸ್ ಮೆಲ್ಲಗೆ.

ತಂಗಿ ಮುಖ ಎತ್ತಿದಳು. ಅಕ್ಕನ ಕೆನ್ನೆ ಎಷ್ಟು ಇಳಿದುಹೋಗಿದೆ ಎಂದು ಆಗ ಕಂಡಿತು. ಬಾಯಿ ತೆರೆದಳು. ಆದರೆ ಗಂಟಲಿಗೆ ಬಂದು ನಿಂತದ್ದು ಅಮ್ಮ ಹೋದ ದಿನದ ಆ ಮಾತೇ. ಅದನ್ನು ಹಿಂತೆಗೆದುಕೊಳ್ಳದೆ ಬೇರೆ ಯಾವ ಮಾತೂ ಹೊರಡುವಂತಿರಲಿಲ್ಲ. ಹಿಂತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಬಾಯಿ ಮುಚ್ಚಿದಳು.

ನರ್ಸ್ ಬಹಳ ಹೊತ್ತು ಕಾದಳು. ಆಮೇಲೆ ಎದ್ದಳು. "ಇನ್ನೊಂದು ಮನೆ ನೋಡ್ತೀನಿ."

"ಚುಚ್ಚುವಾಗ ಕಿವಿ ಹಿಂದೆ ತುರಿಸೋಕೆ ಹೇಳಿ ಮೇಡಂ," ಎಂದಳು ಅಕ್ಕ, ಅಳುತ್ತ.

"ಬಲಗಿವಿ," ಎಂದಳು ತಂಗಿ. "ಎಡಗಿವಿ ಮುಟ್ಟಿದ್ರೆ ಅವನಿಗಾಗಲ್ಲ."

ನರ್ಸ್ ಬಾಗಿಲ ಮೇಲೆ ಕೈಯಿಟ್ಟು ಇನ್ನೊಂದು ಕ್ಷಣ ನಿಂತಳು. ಆಮೇಲೆ ಅವಳು ಒಳಗೆ ಹೋದಳು.

ಇಬ್ಬರೂ ಕೂತೇ ಇದ್ದರು. ಎದ್ದು ಮನೆಗೆ ಹೋಗಬೇಕಿತ್ತು. ಹೋಗೋಣ ಎಂದು ಯಾರು ಯಾರಿಗೆ ಹೇಳಬೇಕು?