ಬೂಟು ತೊಳೆದವಳು

"ಎಡಕ್ಕೆ, ಎಡಕ್ಕೆ! ಬಾಗಿಲಿಗೆ ತಾಗುತ್ತೆ ಕಣ್ರೋ!"

ಸ್ಟ್ರೆಚರಿನ ಮುಂಗಡೆ ಹಿಡಿದು ಹಿಮ್ಮುಖವಾಗಿ ವರಾಂಡ ಹತ್ತುತ್ತಿದ್ದ ಮೆಕ್ಯಾನಿಕ್ ಏನನ್ನೋ ಎಡವಿ ಆಯ ತಪ್ಪಿದ. ಹೆಣ ವಾಲಿತು. ಹಿಂದಿದ್ದ ಇಬ್ಬರು ಹೇಗೋ ಸಂಭಾಳಿಸಿದರು.

"ಯಾರ ಬೂಟು ಇವು, ದಾರೀಲಿ? ಭಾವನ್ನ ಎರಡನೇ ಸಲ ಸಾಯಿಸ್ತಿದ್ದೆನಲ್ಲ!"

ಯಾರೋ ನಕ್ಕರು. ಕೂಡಲೇ ಆ ನಗುವನ್ನು ಕೆಮ್ಮಾಗಿ ತಿರುಗಿಸಿದರು.

ಗೋಡೆಯುದ್ದಕ್ಕೂ ದಪ್ಪ ಅಟ್ಟೆಯ ಬೂಟುಗಳು ಸಾಲಾಗಿದ್ದವು. ತೊಳೆದು, ಒಣಗಿಸಿ, ಲೇಸನ್ನು ಒಳಗೆ ತುರುಕಿ ಇಟ್ಟಂಥವು.

"ಅವರ ಹುಡುಗರವು. ಮೊದಲು ಒಳಗೆ ತನ್ನಿ" ಎಂದಳು ಮೆಕ್ಯಾನಿಕ್‌ನ ಅಕ್ಕ. ಸತ್ತವನು ಅವಳ ಗಂಡ.

ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ದೊಡ್ಡ ಮನೆ, ಆಸ್ಪತ್ರೆ, ಆಫೀಸುಗಳ ಮುಂದೆ ಹುಲ್ಲು ಹಾಸಿ ಗಿಡ ಕತ್ತರಿಸುವ ಕಂಪನಿಯೊಂದರಲ್ಲಿ ಆಳುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಮೊನ್ನೆ ಸಂಜೆ ಕೆಲಸ ಮುಗಿಸಿ ಬಂದವನು ಬಚ್ಚಲಲ್ಲಿ ಕುಸಿದ. ನಿನ್ನೆಯೆಲ್ಲ ಆಸ್ಪತ್ರೆಯಲ್ಲಿ ಉಸಿರು ಹಿಡಿದುಕೊಂಡಿದ್ದ. ಇವತ್ತು ಬೆಳಗಿನ ಜಾವ ಹೋದ.

"ಒಬ್ಬರ ಮೇಲೂ ದನಿ ಎತ್ತಿದವನಲ್ಲ" ಎಂದ ಪಕ್ಕದ ಮನೆಯ ದರ್ಜಿ, ಕಣ್ಣೊರೆಸಿಕೊಳ್ಳುತ್ತ. "ಅಲ್ಲ, ಅವನ ಕೈಕೆಳಗಿನ ಹುಡುಗರು ಒಬ್ಬರೂ ಕಾಣ್ತಿಲ್ವಲ್ಲ?"

ಕಂಪನಿಯ ಮಾಲೀಕ ಕುರ್ಚಿಯಲ್ಲಿ ಕೂತು ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದ. "ರಜೆ ಕೊಟ್ಟಿದೀನಿ. ಎಲ್ಲ ಊರಿಗೆ ಹೋಗಿದಾರೆ."

ಮೇಸ್ತ್ರಿಯ ಮಗಳು ಬಸ್ ಕಂಡಕ್ಟರು. ಸುತ್ತಿಬಳಸಿ ಕೇಳುವ ಅಭ್ಯಾಸ ಅವಳಿಗಿಲ್ಲ. ವರಾಂಡದ ಕಡೆ ನೋಡಿ, ಮಾಲೀಕನ ಕಡೆ ತಿರುಗಿದಳು.

"ಬರಿಗಾಲಲ್ಲಾ?"

*

ಬೂಟುಗಳ ಚೀಲ ದಿನಾ ಸಂಜೆ ಮೇಸ್ತ್ರಿಯ ಜೊತೆಗೇ ಮನೆಗೆ ಬರುತ್ತಿತ್ತು.

"ಅವರ ಬೂಟು ಅವರು ತೊಳ್ಕೊಳ್ಳೋಕೆ ಏನ್ರೀ ರೋಗ?" ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು.

"ಮಣ್ಣು ಮೆತ್ತಿದ ಬೂಟಲ್ಲಿ ಗಿರಾಕಿ ಅಂಗಳ ತುಳಿದ್ರೆ ಕಂಪನಿ ಮರ್ಯಾದೆ ಏನಾಗ್ಬೇಕು? ಅವರು ನೆಟ್ಟಗೆ ತೊಳೆಯಲ್ಲ ಕಣೆ. ನಿನ್ನ ಕೈ ಬಿದ್ರೆ ಹೊಸದರ ಹಾಗಾಗುತ್ತೆ."

ಅವಳು ಉಬ್ಬಿಹೋದಳು. ಬ್ರಷ್ಷಿನಿಂದ ಅಟ್ಟೆಯ ಸಂದಿನ ಮಣ್ಣು ಕೆರೆದು ತೆಗೆಯುತ್ತಿದ್ದಳು. ಚಳಿಗಾಲದಲ್ಲಿ ಅವನೇ ನೀರು ಕಾಯಿಸಿ ತಂದು, ಅವಳ ಕೈಗಳನ್ನು ಅದರಲ್ಲಿ ಅದ್ದಿ ಹಿಡಿದು ಕೂತಿರುತ್ತಿದ್ದ. ಅಂಥ ಗಂಡ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಒಮ್ಮೆ ಒಂದು ಬೂಟಿನೊಳಗೆ ರಕ್ತ ಅಂಟಿತ್ತು. "ಗುದ್ದಲಿ ಜಾರಿತು" ಎಂದ. ಅವಳು ಆ ಜಾಗಕ್ಕೆ ಹಳೇ ಸೀರೆಯ ತುಂಡು ಮಡಿಸಿ ಹೊಲಿದಳು.

ಆಮೇಲೊಂದು ದಿನ ಆಸ್ಪತ್ರೆಯ ಅಂಗಳದಲ್ಲಿ ಆ ಬೂಟು ಹಾಕಿಕೊಂಡು ಹುಲ್ಲು ಕತ್ತರಿಸುತ್ತಿದ್ದವನು ಕಂಡ. "ಈಗ ಚುಚ್ಚಲ್ಲ ತಾನೆ?" ಎಂದು ಅವಳು ಕೇಳಿದಳು. ಅವನು ನೆಲ ನೋಡಿದ. ನಾಚಿಕೆ ಸ್ವಭಾವ ಅಂದುಕೊಂಡಳು. ಸಂಜೆ ಮೇಸ್ತ್ರಿ ಊಟ ಮಾಡುತ್ತ, "ಅವರನ್ನ ಮಾತಾಡಿಸ್ಬೇಡ. ಕೆಲಸ ಕೆಡುತ್ತೆ" ಎಂದಷ್ಟೇ ಹೇಳಿದ.

*

"ಹೊಸ ಬೂಟು ಕೊಡ್ಸಿದೀನಿ" ಎಂದ ಮಾಲೀಕ.

"ಇಲ್ಲ." ಮೇಸ್ತ್ರಿಯ ಹೆಂಡತಿಯ ದನಿ ಅವಳಿಗೇ ಅಪರಿಚಿತವಾಗಿತ್ತು. "ಮೊನ್ನೆ ಸಂಜೆ ತಂದ ಬೂಟು ಇವು. ನಾನು ತೊಳೆದು ಸಾಲಾಗಿಟ್ಟ ಹೊತ್ತಿಗೇ ಅವರು ಬಿದ್ದಿದ್ದು."

ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕವರು ಅವಳ ಮಡಿಲಲ್ಲಿತ್ತು. ಅದರಲ್ಲಿ ವಾಚು, ಬೆಲ್ಟು, ಬೆಲ್ಟಿಗೆ ಸಿಕ್ಕಿಸಿದ ಬೀಗದ ಕೈ ಗೊಂಚಲು. ಮಾಲೀಕ ಕುರ್ಚಿಯಿಂದೆದ್ದು ಕೈ ಚಾಚಿದ.

"ಆ ಕೀ ಕಂಪನೀದು. ಕೊಡಿ ಅಮ್ಮ. ಮೊದಲು ಮಣ್ಣಾಗಲಿ, ಆಮೇಲೆ ನಾನೇ ಹೋಗಿ ನೋಡ್ಕೋತೀನಿ."

"ಯಾರನ್ನ?" ಎಂದಳು ಮಗಳು. "ಊರಿಗೆ ಹೋದೋರನ್ನಾ?"

ಎಲ್ಲರ ಕಣ್ಣೂ ಬೀಗದ ಕೈಗಳತ್ತ ಹೊರಳಿದವು. ಬೀಗದೊಳಗೆ, ಮೊನ್ನೆ ಸಂಜೆಯಿಂದ. ಎಲ್ಲರ ತಲೆಯಲ್ಲೂ ಅದೊಂದೇ ಲೆಕ್ಕ ಓಡುತ್ತಿತ್ತು. ಅನ್ನವಿಲ್ಲ, ನೀರಿದೆಯೋ ಇಲ್ಲವೋ. ಹೆಂಡತಿ ಕೀ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು.

"ಅಕ್ಕಾ, ಹೆಣ ಬಿಟ್ಟು ಎಲ್ಲಿಗೆ?"

"ಸತ್ತವರಿಗೇನು ಅವಸರ, ಕಾಯ್ತಾರೆ. ಗಾಡಿ ತೆಗಿ."

ಗೇಟಿನ ಮುಂದೆ ಶವದ ಗಾಡಿಯೇ ಅಡ್ಡ ನಿಂತಿತ್ತು. ಅದರ ಡ್ರೈವರ್ ಕೈಯಾಡಿಸಿದ. "ಬದುಕಿರೋರನ್ನ ಇದರಲ್ಲಿ ಕೂರಿಸಲ್ಲಪ್ಪ ನಾನು."

"ಕೂರಿಸ್ದೇ ಹೋದ್ರೆ ಸಂಜೆಗೆ ನಿನಗೇ ಬಾಡಿಗೆ ಜಾಸ್ತಿ ಆಗುತ್ತೆ. ಹತ್ತು!" ಎಂದು ಮೆಕ್ಯಾನಿಕ್ ಗುಡುಗಿದ.

ಹೆಂಡತಿ ಬೂಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹತ್ತಿದಳು. ಮಗಳು ಹತ್ತುತ್ತಲೇ ಪೊಲೀಸರಿಗೆ ಫೋನು ಹಚ್ಚಿದ್ದಳು. ಹಿಂದೆ ದರ್ಜಿ ತನ್ನ ಕುರ್ಚಿಯನ್ನು ಎಳೆದು ತಂದು ಮಾಲೀಕನ ಕಾರಿನ ಮುಂದೆ ಹಾಕಿ ಕೂತುಬಿಟ್ಟ.

*

ಕಂಪನಿಯ ನರ್ಸರಿಯ ಹಿಂದೆ, ಗೊಬ್ಬರದ ಗುಡ್ಡೆಗಳಾಚೆ ತಗಡಿನ ಶೆಡ್ಡು. ಹೊರಗಿನಿಂದ ಬೀಗ. ಸುತ್ತಲೂ ಚೂಪು ಜಲ್ಲಿ ಸುರಿದಿತ್ತು. ಅವಳ ತೆಳು ಚಪ್ಪಲಿಯನ್ನು ಚುಚ್ಚಿ ಅದು ಅಂಗಾಲಿಗೆ ತಾಗಿತು. ಅವಳು ಅಲ್ಲೇ ನಿಂತಳು. ಚೀಲವನ್ನು ನೋಡಿದಳು. ಜಲ್ಲಿಯನ್ನು ನೋಡಿದಳು.

"ಅಮ್ಮಾ, ನಡಿ" ಎಂದಳು ಮಗಳು.

ಬೀಗ ತೆಗೆದಾಗ ಮೊದಲು ಬಂದದ್ದು ನಾತ. ಆಮೇಲೆ ಒಲೆಯ ಬಾಯಿಯಂಥ ಬಿಸಿ. ಒಳಗೆ ಗಂಡಸರು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದರು. ಒಂದು ನೀರಿನ ಕ್ಯಾನು ತಳ ಮೇಲಾಗಿ ಬಿದ್ದಿತ್ತು. ಅವಳ ಕೈಯ ಚೀಲ ಕಂಡದ್ದೇ ಅವರು ಗೋಡೆ ಹಿಡಿದು ಎದ್ದರು. ಸಾಲಾಗಿ ನಿಂತರು. ಒಬ್ಬೊಬ್ಬರೂ ಬಲಗಾಲು ಮುಂದಿಟ್ಟರು.

"ಕೆಲಸಕ್ಕಲ್ಲ ಕಣ್ರಪ್ಪಾ..." ಎನ್ನುತ್ತ ಮೆಕ್ಯಾನಿಕ್ ನೀರು ತರಲು ನಲ್ಲಿಯತ್ತ ಓಡಿದ.

ಹೆಂಡತಿ ಹೇಳಿದಳು: "ಮೇಸ್ತ್ರಿ ಹೋಗಿಬಿಟ್ರು. ಬನ್ನಿ, ಹೊರಗೆ ಬನ್ನಿ."

ಯಾರೂ ಅಲುಗಲಿಲ್ಲ. ಅವರಲ್ಲಿ ಹಿರಿಯನಾಗಿದ್ದ ನರೆತ ಗಡ್ಡದವನು ತುಟಿ ಒದ್ದೆ ಮಾಡಿಕೊಂಡ. "ಸುಳ್ಳು. ಹಿಂದೊಮ್ಮೆ ಹೀಗೇ ಬಾಗಿಲು ತೆರೆದಿಟ್ಟಿದ್ರು, ಯಾರು ಹೊರಗೆ ಕಾಲಿಡ್ತಾರೆ ನೋಡೋಕೆ. ಹೊರಗೆ ಬಂದೋನ ಗತಿ ನಾವು ನೋಡಿದೀವಿ."

"ನಾನು ಅವರ ಹೆಂಡ್ತಿ ಕಣಣ್ಣ."

"ಗೊತ್ತು. ಬೂಟು ತೊಳೆಯೋರು." ಅವನು ಬೈಯುವ ದನಿಯಲ್ಲೇನೂ ಹೇಳಲಿಲ್ಲ. "ಮೇಸ್ತ್ರೀನೂ ಮೊದಲು ಇಲ್ಲೇ ಮಲಗ್ತಿದ್ದ, ಅಗೋ ಆ ಮೂಲೇಲಿ. ರಾತ್ರಿ ಬೀಗ ಹಾಕೋ ಕೆಲಸ ಒಪ್ಕೊಂಡ ಮೇಲೆ ಅವನನ್ನ ಹೊರಗೆ ಬಿಟ್ರು. ಆಮೇಲೆ ಮದುವೆ ಆಯ್ತು ಅಂತ ಕೇಳಿದ್ವಿ."

ಅವಳು ಆ ಮೂಲೆಯನ್ನು ನೋಡಿದಳು. ಈಗ ಅಲ್ಲಿ ಇನ್ನೊಬ್ಬನ ಹಾಸಿಗೆಯಿತ್ತು. ಮದುವೆಗೆ ಮುಂಚೆ ಎಲ್ಲಿದ್ರಿ ಎಂದು ಕೇಳಿದಾಗೆಲ್ಲ, "ಕಂಪನಿ ರೂಮಲ್ಲಿ" ಎಂದು ನಗುತ್ತಿದ್ದ.

"ಕಣ್ಣಾರೆ ನೋಡಿ, ಬನ್ನಿ" ಎಂದಳು. ಕೂತು, ಒಬ್ಬೊಬ್ಬರ ಕಾಲ ಬುಡಕ್ಕೂ ಅವರವರ ಬೂಟು ಇಟ್ಟಳು. ಯಾವುದು ಯಾರದೆಂದು ಅವರೇ ತೋರಿಸಬೇಕಾಯಿತು.

*

ಶವದ ಗಾಡಿಯಿಂದ ಬದುಕಿದ್ದವರು ಇಳಿಯುವುದನ್ನು ಓಣಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಪೊಲೀಸರು ಮಾಲೀಕನ ಸುತ್ತ ನಿಂತಿದ್ದರು. ಅವನು ಎಲ್ಲವನ್ನೂ ಸತ್ತವನ ಮೇಲೆ ಹಾಕುತ್ತಿದ್ದ: "ಎಲ್ಲ ಅವನೇ ನೋಡ್ಕೋತಿದ್ದ ಸಾರ್, ನನಗೇನು ಗೊತ್ತು?"

ನರೆತ ಗಡ್ಡದವನು ಮೊದಲು ಒಳಗೆ ಬಂದ. ಹೆಣದ ಮೂಗಿನ ಬಳಿ ಅಂಗೈ ಹಿಡಿದ. ಕಾದ. ಭುಜವನ್ನು ಒತ್ತಿ ನೋಡಿದ. ಉಗಿಯುತ್ತಾನೆಂದು ಹೆಂಡತಿ ಕಾಯುತ್ತಿದ್ದಳು. ಉಗಿದಿದ್ದರೆ ತಡೆಯುತ್ತಿರಲಿಲ್ಲ. ಅವನು ಬಾಗಿಲ ಕಡೆ ತಿರುಗಿ, ಉಳಿದವರಿಗೆ "ಹೌದು" ಎಂದ. ಅಷ್ಟೇ.

"ಅಕ್ಕಾ, ಹೊತ್ತಾಯ್ತು. ಭಾವನ್ನ ಎತ್ತಬೇಕು" ಎಂದ ಮೆಕ್ಯಾನಿಕ್.

ಎತ್ತಲು ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಅಂಗಳ ನೋಡುತ್ತಿದ್ದರು.

ಅಲ್ಲಿ ನರೆತ ಗಡ್ಡದವನು ಗೇಟು ದಾಟಿ ರಸ್ತೆಗಿಳಿದ. ಆ ಕಡೆ ಈ ಕಡೆ ನೋಡಿ ಮತ್ತೆ ಒಳಗೆ ಬಂದ. ಯಾರೂ ತಡೆಯಲಿಲ್ಲ. ಮತ್ತೆ ಹೋದ, ಮತ್ತೆ ಬಂದ. ಮುಂದಿನ ಸಲ ಹೊರಗೆ ಹೋದವನು ಗೇಟನ್ನು ತಾನೇ ಎಳೆದು ಮುಚ್ಚಿದ. ಕಂಬಿಗಳ ಆಚೆ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ತಾನೇ ಅದನ್ನು ತೆರೆದ.