ಹನ್ನೊಂದನೆಯ ಹೆಸರು

ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಶವವಾಹನ ಬಂದು ನಿಂತಾಗ ಮಗಳು ಅಪ್ಪನ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದಳು. ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದ ಅವರು ಹಿಂದಿನ ಸಂಜೆ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಿದ್ದರು. ವಯಸ್ಸು ಎಪ್ಪತ್ತೊಂದು.

ಕಿಟಕಿಯಾಚೆ ಬಾಡಿಗೆ ಕುರ್ಚಿಗಳಲ್ಲಿ ವಿಭಾಗದ ಹಳಬರು ಕೂತಿದ್ದರು.

"ಹತ್ತಕ್ಕೆ ಬನ್ನಿ ಅಂದಿದ್ರು, ನಾನು ಒಂಬತ್ತಕ್ಕೇ ಬಂದೆ," ಎಂದರು ನಿವೃತ್ತ ಗುಮಾಸ್ತರು. "ತಡ ಆದ್ರೆ ಎದ್ದು ಕೂತು ಗೈರುಹಾಜರಿ ಬರೀತಾನೆ, ಆಸಾಮಿ."

"ನಂಗೇ ಒಂದ್ಸಲ ಬರೆದಿದ್ದ. ಎರಡು ನಿಮಿಷ ತಡ ಅಂತ," ಎಂದರು ಹಳೆಯ ಪ್ರೊಫೆಸರ್.

"ಮಹಾಯುದ್ಧದ ಕಾರಣ ಹೇಳೋಕೆ ನಿಮಗೆ ಮೂರು ವಾರ ಬೇಕಾಗ್ತಿತ್ತು ಸಾರ್. ಅವನು ಬಾಗಿಲ ಹತ್ರ ನಿಂತು ಕೇಳಿ ಒಂದೇ ಮಾತಲ್ಲಿ ಮುಗಿಸ್ತಿದ್ದ."

"ಏನಂತ?"

"'ಎಲ್ರೂ ತಮಗೆ ಹೇಳಿದ್ದನ್ನ ಮಾಡಿದ್ರು ಸಾರ್.' ಅಷ್ಟೇ."

ಸಣ್ಣಗೆ ನಗು ಎದ್ದು ಅಡಗಿತು. ಆ ಹೊತ್ತಿಗೆ ಬೈಂಡಿಂಗ್ ಅಂಗಡಿಯ ಮಾಮ ಒಳಗೆ ಬಂದು ಕೋಣೆಯ ಬಾಗಿಲು ಮುಂದೆ ಮಾಡಿದರು. ವಿಶ್ವವಿದ್ಯಾಲಯದ ಪ್ರಬಂಧಗಳಿಗೆಲ್ಲ ರಟ್ಟು ಕಟ್ಟುವವರು ಅವರೇ. ಮಗಳ ಸ್ನಾತಕೋತ್ತರ ಪ್ರಬಂಧದ ಮೂರು ಪ್ರತಿಗಳೂ ಅವರ ಅಂಗಡಿಯಲ್ಲಿದ್ದವು. ಸೋಮವಾರ ಸಲ್ಲಿಸಬೇಕಿತ್ತು.

"ನಿನ್ನ ಎಂಬತ್ತನಾಲ್ಕನೇ ಪುಟ ಓದಿದೆ, ಮಗು," ಎಂದರು. "'ಪಟ್ಟಿ ಕೊಟ್ಟವರು ಯಾರೆಂದು ತಿಳಿದುಬಂದಿಲ್ಲ.' ಅದು ಹಾಗೇ ಇರ್ಲಿ." ಜೇಬಿನಿಂದ ಹಳದಿಗಟ್ಟಿದ ಲಕೋಟೆ ತೆಗೆದರು. "ಇದನ್ನ ಅವನ ಜೊತೆ ಕಳಿಸಿಬಿಡೋಣ. ಸುಟ್ಟು ಹೋಗ್ಲಿ."

*

ಮೂವತ್ತೆರಡು ವರ್ಷದ ಹಿಂದೆ, ದೇಶದಲ್ಲಿ ಸಭೆ ಸೇರುವುದೇ ಅಪರಾಧವಾಗಿದ್ದ ವರ್ಷ, ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಗುರುವಾರ ಸಂಜೆ ಭೂಪಟದ ಕೋಣೆಯಲ್ಲಿ ಸೇರುತ್ತಿದ್ದರು. ವಸಾಹತುಗಳು ಹೇಗೆ ಸ್ವತಂತ್ರವಾದವು, ಸ್ವತಂತ್ರವಾದವುಗಳಲ್ಲಿ ಎಷ್ಟು ಸೈನ್ಯದ ಪಾಲಾದವು ಎಂದು ಚರ್ಚಿಸುತ್ತಿದ್ದರು. ಒಂದು ಗುರುವಾರ ಕಳೆದು ಮೂರನೇ ದಿನ ಯಾರೋ ಬರೆದುಕೊಟ್ಟ ಪಟ್ಟಿ ಹಿಡಿದು ಹನ್ನೊಂದು ಮಂದಿಯನ್ನು ಪೊಲೀಸರು ಎತ್ತಿಕೊಂಡು ಹೋದರು. ಹತ್ತು ಮಂದಿ ವಾಪಸು ಬಂದರು. ಬೈಂಡರ್ ಮಾಮ ಅವರಲ್ಲೊಬ್ಬರು.

ಮಗಳ ಪ್ರಬಂಧ ಈ ಕೂಟದ ಮೇಲೆಯೇ ಇತ್ತು. ಆರು ತಿಂಗಳ ಹಿಂದೆ, ವಾಪಸು ಬಾರದವನ ತಂಗಿಯನ್ನು ಹುಡುಕಿಕೊಂಡು ಹೋಗಿದ್ದಳು. ಆಕೆ ಟೈಲರ್. ಹೊಲಿಯುವುದನ್ನು ನಿಲ್ಲಿಸಿ ಸ್ಟೂಲು ಎಳೆದು ಕೂರಿಸಿ, ಚಹಾ ಕೊಟ್ಟಿದ್ದಳು.

"ನಮ್ಮಣ್ಣ ಕೂಟಗೀಟಕ್ಕೆ ಹೋದವನಲ್ಲ. 'ಅಟ್ಲಾಸ್ ವಾಪಸ್ ಕೊಟ್ಟು ಬರ್ತೀನಿ' ಅಂತ ಹೋದ. ಪೊಲೀಸ್ರು ಅವನೇ ಮುಖಂಡ ಅಂದ್ರು. ಆಮೇಲೆ ಓಡಿಹೋದ ಅಂದ್ರು. ನಮ್ಮಪ್ಪ ಸಾಯೋವರೆಗೂ ಮಗ ಸುಳ್ಳು ಹೇಳಿ ಹೋದ ಅಂತಲೇ ನಂಬಿದ್ರು." ಮೆಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು ಕೇಳಿದ್ದಳು: "ಹೆಸರು ಬರ್ಕೊಟ್ಟೋರು ಯಾರು? ಅದೊಂದು ಹುಡುಕಿ ಕೊಡಮ್ಮ."

ಹುಡುಕಿ ಕೊಡುತ್ತೇನೆಂದು ಮಾತು ಕೊಟ್ಟು ಬಂದವಳು ಆ ಸಂಜೆಯೇ ಅಪ್ಪನನ್ನು ಕೇಳಿದಳು. ಹಳೆಯ ಯುದ್ಧಗಳ ಕದನವಿರಾಮದ ದಿನಾಂಕಗಳನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದ ಅಪ್ಪ, "ನೆನಪಿಲ್ಲ" ಎಂದರು. ಎರಡು ದಿನ ಬಿಟ್ಟು, ಊಟದ ನಡುವೆ, "ಆ ಟೈಲರಮ್ಮ ಚೆನ್ನಾಗಿದಾರಾ?" ಎಂದು ಕೇಳಿದರು. ಆಕೆ ಟೈಲರ್ ಎಂದು ಮಗಳು ಹೇಳಿಯೇ ಇರಲಿಲ್ಲ.

*

ಲಕೋಟೆಯಲ್ಲಿದ್ದದ್ದು ಒಂದೇ ಹಾಳೆ, ನೆರಳಚ್ಚು. ಅಕ್ಷರ ಗುರುತಿಸಲು ಅವಳಿಗೆ ಎರಡನೇ ಸಾಲು ಬೇಕಾಗಲಿಲ್ಲ. ಅವಳ ಶಾಲೆಯ ಪುಸ್ತಕಗಳ ಮೇಲೆಲ್ಲ ಅಪ್ಪ ಹೆಸರು ಬರೆದುಕೊಟ್ಟಿದ್ದ ಅದೇ ದುಂಡು ಅಕ್ಷರ. ಕ್ರಮಸಂಖ್ಯೆ, ಹೆಸರು, ಬಂದ ವೇಳೆ, ಹೋದ ವೇಳೆ.

"ನಮ್ಮ ಕೇಸಿನ ವಕೀಲರ ಕಡತದಲ್ಲಿ ಸಿಕ್ಕಿತ್ತು," ಎಂದರು ಮಾಮ. "ಇದೊಂದೇ ಉಳಿದಿರೋದು."

"ನಿಮ್ಗೆ ಮೊದ್ಲಿಂದ ಗೊತ್ತಿತ್ತಾ?"

"ಜೈಲಿಂದ ಬಂದ್ಮೇಲೆ ನನ್ನ ಕಾಲೇಜಿಗೆ ಸೇರಿಸ್ಕೊಳ್ಲಿಲ್ಲ. ನಿಮ್ಮಪ್ಪ ಪ್ರತಿ ಶನಿವಾರ ಲೈಬ್ರರಿ ಪುಸ್ತಕ ಚೀಲದಲ್ಲಿ ಹಾಕ್ಕೊಂಡು ನಮ್ಮನೆಗೆ ತರ್ತಿದ್ದ. ಒಂದಿನ 'ನಾನೇ ಕಣೋ ಬರ್ಕೊಟ್ಟಿದ್ದು' ಅಂದ. ಗೊತ್ತು, ಟೀ ಕುಡಿ ಅಂದೆ. ಅಲ್ಲಿಗೆ ಮುಗೀತು."

"ನಿಮ್ಗೆ ಮುಗೀತು ಮಾಮ."

ಅವಳು ಹನ್ನೊಂದನೆಯ ಸಾಲಿಗೆ ಬಂದಿದ್ದಳು. ಹೆಸರಿನ ಮುಂದೆ, ಕಂಸದೊಳಗೆ, ಅದೇ ದುಂಡು ಅಕ್ಷರದಲ್ಲಿ ಹೀಗಿತ್ತು: ಕೂಟದ ಸದಸ್ಯನಲ್ಲ. ಅಟ್ಲಾಸ್ ಹಿಂದಿರುಗಿಸಲು ಬಂದಿದ್ದು. ಐದು ನಿಮಿಷ.

ಅಪ್ಪ ಯಾವ ಹೆಸರನ್ನೂ ಬಿಟ್ಟಿರಲಿಲ್ಲ. ಕೋಣೆಯೊಳಗೆ ಕಾಲಿಟ್ಟವನನ್ನು ಬಿಡುವುದು ಅವರಿಂದ ಆಗುತ್ತಿರಲಿಲ್ಲ. ಕಂಸದೊಳಗಿನದನ್ನು ಪೊಲೀಸರು ಓದಿರಲಿಲ್ಲ.

"ಇದನ್ನ ಆ ಟೈಲರಮ್ಮನಿಗೆ ತೋರಿಸಿದ್ರಾ?"

ಮಾಮ ನೆಲ ನೋಡಿದರು. "ತೋರಿಸಿದ್ರೆ ಅಕ್ಷರ ಯಾರ್ದು ಅಂತ ಕೇಳ್ತಿರ್ಲಿಲ್ವಾ?"

ಬಾಗಿಲು ತಳ್ಳಿಕೊಂಡು ಅಮ್ಮ ಒಳಗೆ ಬಂದಳು. ಹಾಳೆ ನೋಡಿದಳು, ಏನೆಂದು ಕೇಳಲಿಲ್ಲ.

"ನಿಂಗೂ ಗೊತ್ತಾ ಅಮ್ಮ?"

"ಯಾರ್ಯಾರು ಬಂದಿದ್ರು ಬರ್ಕೊಡು ಅಂದ್ರಂತೆ ಪೊಲೀಸ್ರು, ಬರ್ಕೊಟ್ರು. ಅವ್ರ ಕೆಲಸವೇ ಅದಲ್ವೇನೆ. ಆಮೇಲೆ ಆ ಹುಡುಗ ಬರ್ಲಿಲ್ಲ. ಅವತ್ತಿಂದ ಗುರುವಾರ ರಾತ್ರಿ ಅವ್ರು ಊಟ ಮಾಡಿದ್ದು ನಾನು ನೋಡಿಲ್ಲ." ಅಮ್ಮ ಗಂಡನ ಅಂಗಿಯ ಜೇಬನ್ನು ಬೆರಳಿನಿಂದ ಬಿಡಿಸಿ ಹಿಡಿದಳು. "ಇಡು ಇಲ್ಲಿ. ಹೋದೋರ ಬೆನ್ನಿಗೆ ಕಲ್ಲು ಕಟ್ಟಬೇಡ. ಊರಿಗೆಲ್ಲ ಸತ್ಯ ಹೇಳೋಕೆ ನಿಂಗೆ ನಿಮ್ಮಪ್ಪನೇ ಸಿಕ್ಕಿದ್ರಾ?"

ಹೊರಗಿನಿಂದ ಡ್ರೈವರ್ ಕೂಗಿದ. "ಹತ್ತು ಗಂಟೆ ಆಯ್ತು ಅಮ್ಮ. ಚಿತಾಗಾರದಲ್ಲಿ ನಿಮ್ಮ ಸರದಿ ಹತ್ತೂವರೆಗೆ."

ಮಗಳು ಕೈ ಚಾಚಿದ್ದು ಹೌದು. ಹಾಳೆಯ ಅಂಚು ಜೇಬಿಗೆ ತಾಗಿದ್ದೂ ಹೌದು.

"ಅಮ್ಮ, ಆ ಹುಡುಗ ಸುಳ್ಳು ಹೇಳಿ ಹೋಗಿರ್ಲಿಲ್ಲ ಅನ್ನೋದು ಇಡೀ ಪ್ರಪಂಚದಲ್ಲಿ ಇದೊಂದೇ ಹಾಳೆಲಿ ಇದೆ," ಎಂದಳು. "ಬರೆದೋರು ಅಪ್ಪನೇ."

ಅಮ್ಮ ಜೇಬು ಬಿಟ್ಟಳು. ಮಗಳು ಹಾಳೆಯನ್ನು ಲಕೋಟೆಗೆ ಹಾಕಿ, ತನ್ನ ಕೈಚೀಲದಲ್ಲಿಟ್ಟು, ಅಪ್ಪನನ್ನು ಎತ್ತಲು ತಲೆಯ ಕಡೆ ಬಂದು ನಿಂತಳು. ಕಾಲಿನ ಕಡೆ ಮಾಮ ಹಿಡಿದರು.

*

ಸೋಮವಾರ ಬೆಳಗ್ಗೆ ಬೈಂಡರ್ ಮಾಮ ಆಗಲೇ ಹೊಲಿದಿದ್ದ ಮೂರು ಪ್ರತಿಗಳ ದಾರ ಬಿಚ್ಚಿ, ಎಂಬತ್ತನಾಲ್ಕನೇ ಪುಟ ಬದಲಿಸಿದರು. ಹೊಸ ಪುಟದ ಅಡಿಟಿಪ್ಪಣಿಯಲ್ಲಿ ಹನ್ನೊಂದನೆಯ ಸಾಲು ಕಂಸದ ಸಮೇತ ಪೂರ್ತಿಯಾಗಿತ್ತು. ಅದರ ಕೆಳಗೆ: "ಪಟ್ಟಿಯನ್ನು ಬರೆದುಕೊಟ್ಟವರು ವಿಭಾಗದ ಅಟೆಂಡರ್, ಈ ಪ್ರಬಂಧದ ಲೇಖಕಿಯ ತಂದೆ." ಯಾರೂ ಕೇಳದಿದ್ದರೂ ಮಾಮ ನಾಲ್ಕನೇ ಪ್ರತಿಯೊಂದನ್ನು ಕಟ್ಟಿದರು.

ಬುಧವಾರ ಮಗಳು ಅದನ್ನು ಟೈಲರ್ ಅಂಗಡಿಗೆ ಒಯ್ದಳು. ತಂಗಿ ನಿಂತಲ್ಲೇ ಅಡಿಟಿಪ್ಪಣಿಯನ್ನು ಎರಡು ಸಲ ಓದಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದು, ಕಂಸದೊಳಗಿನ ಸಾಲಿನ ಕೆಳಗೆ ನೀಲಿ ಗೆರೆ ಎಳೆದಳು. ಪುಸ್ತಕ ಮುಚ್ಚಿ ಮೆಷಿನ್ನಿನ ಮುಂದೆ ಕೂತು ಹೊಲಿಯತೊಡಗಿದಳು. ಸ್ಟೂಲು ಅಲ್ಲೇ ಇತ್ತು. ಮಗಳಿಗೆ ಕೂರು ಎನ್ನಲಿಲ್ಲ.